ಮೂರು ಮೀಟರ್ ಇಳಿತದ ಮೇಲೆ ನಿಂತ ಊರು: ವಿಸ್ಕಾನ್ಸಿನ್‌ನ ಕಿಂಬರ್ಲಿ ಹುಟ್ಟಿದ್ದು, ಬೆಳೆದದ್ದು ಹೇಗೆ?

ಹಗ್ಗೀಸ್ ಡಯಾಪರ್ ತಯಾರಿಸುವ ಕಿಂಬರ್ಲಿ-ಕ್ಲಾರ್ಕ್ ಕಂಪನಿಯು ಕೆನ್‌ವ್ಯೂ ಕಂಪನಿಯನ್ನು ಸುಮಾರು 4,870 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ 2025ರ ನವೆಂಬರ್‌ನಲ್ಲಿ ಘೋಷಿಸಿತು. ಜಾನ್ಸನ್ಸ್ ಬೇಬಿ ಹೆಸರಿನ ಸಾಮಾನುಗಳ ಒಡೆತನ ಕೆನ್‌ವ್ಯೂದು. ಮಗುವಿರುವ ನಮ್ಮ ಮನೆಗಳಲ್ಲಿ ಈ ಎರಡರಲ್ಲಿ ಒಂದಾದರೂ ಕಪಾಟಿನಲ್ಲಿರುತ್ತದೆ. ಹಾಗಾಗಿ ವ್ಯಾಪಾರದ ಪುಟ ಓದದವರೂ ಈ ಸುದ್ದಿಯತ್ತ ಕಣ್ಣು ಹಾಯಿಸಿದರು.

ಕಿಂಬರ್ಲಿ ಎಂಬುದು ಒಂದು ಊರಿನ ಹೆಸರೂ ಹೌದು. ಅಮೆರಿಕದ ಮಧ್ಯ-ಉತ್ತರ ಭಾಗದ ಹನ್ನೆರಡು ರಾಜ್ಯಗಳನ್ನು ಒಟ್ಟಾಗಿ ಮಿಡ್‌ವೆಸ್ಟ್ ಎನ್ನುತ್ತಾರೆ. ಅದರಲ್ಲೊಂದಾದ ವಿಸ್ಕಾನ್ಸಿನ್‌ನಲ್ಲಿ, ಫಾಕ್ಸ್ ನದಿಯ ದಕ್ಷಿಣ ದಂಡೆಯ ಮೇಲೆ ಈ ಊರಿದೆ. ಜನಸಂಖ್ಯೆ ಏಳು ಸಾವಿರ ಚಿಲ್ಲರೆ. ಇಲ್ಲಿನ ಹೈಸ್ಕೂಲಿನ ಕ್ರೀಡಾತಂಡಗಳಿಗೆ ‘ಪೇಪರ್‌ಮೇಕರ್ಸ್’ ಎಂದೇ ಹೆಸರು. ಆದರೆ ಊರನ್ನು ಹುಟ್ಟಿಸಿದ ಕಾಗದದ ಗಿರಣಿ 2008ರಲ್ಲೇ ಬಾಗಿಲು ಹಾಕಿತು.

ಗಿರಣಿ ಅಲ್ಲಿಗೇ ಏಕೆ ಬಂತು? ಗೋಧಿ ಬೀಸುತ್ತಿದ್ದ ಕಣಿವೆ ಕಾಗದಕ್ಕೆ ಹೊರಳಿದ್ದು ಹೇಗೆ? ಒಂದು ಗಿರಣಿಯ ಸುತ್ತಲಿನ ಮನೆಗಳು ಸ್ವಂತ ಆಡಳಿತವಿರುವ ಗ್ರಾಮವಾದದ್ದು ಯಾವ ದಾರಿಯಲ್ಲಿ? ಉತ್ತರ ಹುಡುಕಲು ಮಾಲೀಕರ ಜೀವನಚರಿತ್ರೆಗಿಂತ ನದಿಯ ಇಳಿಜಾರಿನ ಲೆಕ್ಕವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅಲ್ಲಿಂದಲೇ ಶುರುಮಾಡೋಣ.

## ನದಿ ಎಷ್ಟು ಇಳಿಯುತ್ತದೆ?

ಫಾಕ್ಸ್ ನದಿ ವಿನೆಬಾಗೊ ಎಂಬ ದೊಡ್ಡ ಸರೋವರದಿಂದ ಹೊರಟು ಈಶಾನ್ಯಕ್ಕೆ ಹರಿದು, ಮಿಷಿಗನ್ ಸರೋವರದ ಚಾಚುಕೊಲ್ಲಿಯಾದ ಗ್ರೀನ್ ಬೇ ಸೇರುತ್ತದೆ. ನದಿಯ ಈ ಭಾಗಕ್ಕೆ ‘ಕೆಳ ಫಾಕ್ಸ್’ ಎಂದು ಹೆಸರು. ಉದ್ದ ಸುಮಾರು 63 ಕಿಲೋಮೀಟರ್, ಒಟ್ಟು ಇಳಿತ ಸುಮಾರು 51 ಮೀಟರ್. ನಯಾಗರ ಜಲಪಾತದ ಎತ್ತರವೂ ಹತ್ತಿರ ಹತ್ತಿರ ಅಷ್ಟೇ. ನಯಾಗರದಲ್ಲಿ ನೀರು ಒಂದೇ ಕಡೆ ಧುಮುಕುತ್ತದೆ. ಇಲ್ಲಿ ಬಂಡೆಗಳ ಮೇಲೆ ಹಲವು ಕಡೆ ಮೂರು ಮೀಟರ್, ನಾಲ್ಕು ಮೀಟರ್, ಇನ್ನೊಂದು ಕಡೆ ಹದಿನೈದು ಮೀಟರ್ ಎಂದು ಹಂಚಿಕೊಂಡು ಇಳಿಯುತ್ತದೆ. 19ನೇ ಶತಮಾನದ ಗಿರಣಿ ಕಟ್ಟುವವನಿಗೆ ಬೇಕಾದದ್ದು ಇಂಥ ನದಿಯೇ. ಐವತ್ತು ಮೀಟರಿನ ಜಲಪಾತಕ್ಕೆ ಚಕ್ರ ಕೂರಿಸುವುದು ಆಗಿನ ಸಾಮಾನ್ಯ ಗಿರಣಿಯವರ ಕೈಗೆಟಕುವ ಕೆಲಸವಾಗಿರಲಿಲ್ಲ. ಮೂರು ಮೀಟರಿನ ಇಳಿತಕ್ಕೆ ಊರಿನ ಬಡಗಿ, ಕಮ್ಮಾರರೇ ಸಾಕಾಗುತ್ತಿತ್ತು.

ನೀರಿನ ಬಲದ ಲೆಕ್ಕ ಸುಲಭ. ಎಷ್ಟು ನೀರು ಹರಿಯುತ್ತದೆ, ಎಷ್ಟು ಇಳಿಯುತ್ತದೆ, ಈ ಎರಡೇ ಸಂಖ್ಯೆ ಬೇಕು. ಸೆಕೆಂಡಿಗೆ ಒಂದು ಘನ ಮೀಟರ್, ಅಂದರೆ 1,000 ಲೀಟರ್ ನೀರು ಒಂದು ಮೀಟರ್ ಇಳಿದರೆ 9.8 ಕಿಲೋವ್ಯಾಟ್ ಶಕ್ತಿ. ಅಶ್ವಶಕ್ತಿಯಲ್ಲಿ ಸುಮಾರು 13. ಕೆಳ ಫಾಕ್ಸ್‌ನ ಸರಾಸರಿ ಹರಿವು ಸೆಕೆಂಡಿಗೆ ಸುಮಾರು 120 ಘನ ಮೀಟರ್. ಅಷ್ಟೂ ನೀರು, ಕಿಂಬರ್ಲಿಯ ಬಳಿಯಂತೆ, 3 ಮೀಟರ್ ಇಳಿದರೆ 3,500 ಕಿಲೋವ್ಯಾಟ್ ಆಗುತ್ತದೆ. ಟರ್ಬೈನಿನಲ್ಲಿ ಐದನೇ ಒಂದು ಭಾಗ ಸೋರಿಹೋದರೂ 2,800 ಕಿಲೋವ್ಯಾಟ್ ಉಳಿಯುತ್ತದೆ. ನದಿಯ ನೀರಷ್ಟೂ ಒಂದೇ ಗಿರಣಿಯ ಪಾಲಾಗುವುದಿಲ್ಲ ಎಂಬುದು ನಿಜ. ಆದರೂ ಕಲ್ಲಿದ್ದಲನ್ನು ದೂರದಿಂದ ತರಿಸಬೇಕಿದ್ದ ಕಾಲದಲ್ಲಿ ಇದು ಸಣ್ಣ ಮೊತ್ತವಲ್ಲ.

ಇನ್ನೊಂದು ಅನುಕೂಲ ವಿನೆಬಾಗೊ ಸರೋವರದ್ದು. ಅದರ ಆಳ ಆರು ಮೀಟರ್ ಆಸುಪಾಸು ಮಾತ್ರ, ಆದರೆ ಹರವು ಸುಮಾರು 550 ಚದರ ಕಿಲೋಮೀಟರ್. ಅಷ್ಟು ಅಗಲದ ಮೇಲೆ ಒಂದೇ ಅಂಗುಲ ನೀರು ಹೆಚ್ಚಾಗಿ ನಿಂತರೆ, ನದಿಯ ಸರಾಸರಿ ಹರಿವನ್ನು 32 ಗಂಟೆ ನಡೆಸುವಷ್ಟು ದಾಸ್ತಾನು. ಮಳೆ ಬಂದಾಗ ಉಕ್ಕಿ, ಬೇಸಿಗೆಯಲ್ಲಿ ಬತ್ತುವ ನದಿಗಳ ಪಕ್ಕದ ಗಿರಣಿಗಳು ವರ್ಷದಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತಿದ್ದವು. ಫಾಕ್ಸ್ ದಂಡೆಯ ಗಿರಣಿಗಳಿಗೆ ಆ ಕಾಟ ಕಡಿಮೆ. ಆದರೆ ಗಿರಣಿಯವರಿಗಾಗಿ ಸರೋವರದ ಮಟ್ಟ ಏರಿಸಿದರೆ ದಡದ ರೈತರ ಹುಲ್ಲುಗಾವಲು ಮುಳುಗುತ್ತದೆ. ಈ ಜಗಳ ದಶಕಗಟ್ಟಲೆ ನಡೆದು, 1886ರಲ್ಲಿ ನೀರಿನ ಮಟ್ಟಕ್ಕೆ ಅಧಿಕೃತ ಮೇಲ್ಮಿತಿ ಬಂತು.

## ಗಿರಣಿಗೂ ಮೊದಲು

ಈ ನೆಲ ಮೆನಾಮಿನಿ ಜನಾಂಗದ್ದು. 1836ರ ಸೆಪ್ಟೆಂಬರ್ 3ರಂದು, ಈಗಿನ ಕಿಂಬರ್ಲಿ ಮತ್ತು ಲಿಟಲ್ ಶೂಟ್ ಊರುಗಳಿರುವ ‘ಸೀಡರ್ಸ್’ ಎಂಬ ತಾಣದಲ್ಲಿ, ಅವರ ನಾಯಕ ಓಷ್ಕೋಷ್ ಮತ್ತು ವಿಸ್ಕಾನ್ಸಿನ್ ಪ್ರಾಂತ್ಯದ ಗವರ್ನರ್ ಹೆನ್ರಿ ಡಾಜ್ ನಡುವೆ ಒಪ್ಪಂದವಾಯಿತು. ಸುಮಾರು 40 ಲಕ್ಷ ಎಕರೆ ಸರ್ಕಾರದ ಕೈ ಸೇರಿತು. ಎಕರೆಗೆ ಬಿದ್ದ ಬೆಲೆ ಸುಮಾರು 17 ಸೆಂಟ್. ಆ ಮೇಲೆಯೇ ಈ ನೆಲವನ್ನು ಅಳೆದು, ತುಂಡು ಮಾಡಿ, ಖಾಸಗಿಯವರಿಗೆ ಮಾರಲು ಕಾನೂನಿನ ದಾರಿ ತೆರೆಯಿತು. ಮೆನಾಮಿನಿಯವರು ಮುಂದೆ 1854ರಲ್ಲಿ ವುಲ್ಫ್ ನದಿಯ ಬಳಿ ಗೊತ್ತುಮಾಡಿದ ಮೀಸಲು ಪ್ರದೇಶಕ್ಕೆ ಸೀಮಿತರಾದರು.

ಅದೇ 1836ರಲ್ಲಿ ಡಚ್ ಪಾದ್ರಿ ಥಿಯೋಡೋರ್ ವಾನ್ ಡೆನ್ ಬ್ರೂಕ್ ಉತ್ತರ ದಂಡೆಯ ಲಿಟಲ್ ಶೂಟ್‌ಗೆ ಬಂದರು. 1848ರಲ್ಲಿ ಅವರ ಕರೆಗೆ ಓಗೊಟ್ಟು ಮೂರು ಹಡಗುಗಳಲ್ಲಿ ಹಾಲೆಂಡಿನ ಕ್ಯಾಥೊಲಿಕ್ ರೈತ ಕುಟುಂಬಗಳು ಹೊರಟು ಬಂದವು. ಮುಂದೆ ಈ ಭಾಗದ ಕಾಗದದ ಗಿರಣಿಗಳ ಹಾಜರಿ ಪುಸ್ತಕದಲ್ಲಿ ‘ವಾನ್’ ಎಂದು ಶುರುವಾಗುವ ಹೆಸರುಗಳು ಸಾಲುಸಾಲಾಗಿ ಕಾಣುವುದು ಇದೇ ಕಾರಣಕ್ಕೆ.

## ದೋಣಿಗೆಂದು ಕಟ್ಟಿದ ಒಡ್ಡು

ಒಡ್ಡು ಕಟ್ಟಿದವರು ಗಿರಣಿಯವರಲ್ಲ. ಈ ಅಂಶ ಬಿಟ್ಟುಹೋದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ಫಾಕ್ಸ್ ನದಿಯನ್ನು ಎದುರೇರಿ ಹೋಗಿ, ಒಂದೆರಡು ಮೈಲಿ ನೆಲದ ಮೇಲೆ ದೋಣಿ ಹೊತ್ತು ದಾಟಿದರೆ ವಿಸ್ಕಾನ್ಸಿನ್ ನದಿ, ಅಲ್ಲಿಂದ ಮಿಸಿಸಿಪ್ಪಿ. 1673ರಲ್ಲಿ ಫ್ರೆಂಚ್ ಪ್ರವಾಸಿಗಳಾದ ಮಾರ್ಕೆಟ್ ಮತ್ತು ಜೋಲಿಯೆ ಹೋದದ್ದು ಇದೇ ದಾರಿಯಲ್ಲಿ. ಇದನ್ನೇ ಉಗಿದೋಣಿ ಓಡಾಡುವ ಹೆದ್ದಾರಿ ಮಾಡಿದರೆ ಮಹಾಸರೋವರಗಳಿಂದ ಮೆಕ್ಸಿಕೊ ಕೊಲ್ಲಿಯವರೆಗೆ ಸರಕು ಸಾಗಿಸಬಹುದು ಎಂಬುದು ಆಗಿನ ಆಸೆ. 1846ರಲ್ಲಿ ಅಮೆರಿಕದ ಸಂಸತ್ತು ಈ ಕೆಲಸಕ್ಕಾಗಿ ಜಮೀನು ಕೊಟ್ಟಿತು. ಅದನ್ನು ಮಾರಿ ಬಂದ ಹಣದಲ್ಲಿ ಒಡ್ಡು, ಕಾಲುವೆ, ಲಾಕ್‌ಗಳನ್ನು ಕಟ್ಟಬೇಕಿತ್ತು.

ಲಾಕ್ ಎಂದರೆ ಎರಡೂ ತುದಿಗೆ ಬಾಗಿಲಿರುವ ಕಲ್ಲಿನ ತೊಟ್ಟಿ. ಫಾಕ್ಸ್ ನದಿಯ ಲಾಕ್‌ಗಳು ಸುಮಾರು 44 ಮೀಟರ್ ಉದ್ದ, 10.7 ಮೀಟರ್ ಅಗಲ. ಕೆಳಗಿನಿಂದ ಬಂದ ದೋಣಿಯನ್ನು ಒಳಗೆ ಬಿಟ್ಟು ಕೆಳಬಾಗಿಲು ಮುಚ್ಚುತ್ತಾರೆ. ಮೇಲ್ಬಾಗಿಲಿನ ಸಣ್ಣ ಕಿಂಡಿಗಳನ್ನು ತೆರೆದರೆ ನೀರು ನುಗ್ಗಿ ತೊಟ್ಟಿ ತುಂಬುತ್ತದೆ, ದೋಣಿ ತಾನಾಗಿ ಮೇಲೇರುತ್ತದೆ. ಎರಡೂ ಬದಿಯ ಮಟ್ಟ ಸಮವಾದಾಗ ಮೇಲ್ಬಾಗಿಲು ತೆರೆಯುತ್ತಾರೆ. ಪಂಪು ಬೇಡ, ಯಂತ್ರವೂ ಬೇಡ. ಬಾಗಿಲುಗಳು ಮೇಲ್ದಿಕ್ಕಿಗೆ ಕೋನವಾಗಿ ಕೂಡುವುದರಿಂದ ನೀರಿನ ಒತ್ತಡವೇ ಅವನ್ನು ಬಿಗಿಯಾಗಿ ಮುಚ್ಚಿಡುತ್ತದೆ. ಮಟ್ಟ ಸಮವಾಗುವ ಮುನ್ನ ಎಷ್ಟೇ ಬಲ ಹಾಕಿದರೂ ಬಾಗಿಲು ಅಲುಗುವುದಿಲ್ಲ. ಕೆಳ ಫಾಕ್ಸ್‌ನಲ್ಲಿ ಇಂಥವು 17: ಆಪಲ್ಟನ್‌ನಲ್ಲಿ ನಾಲ್ಕು, ಕೌಕಾನದಲ್ಲಿ ಐದು, ಸೀಡರ್ಸ್‌ನಲ್ಲಿ ಒಂದು, ಹೀಗೆ.

1856ರಲ್ಲಿ ‘ಅಕ್ವಿಲಾ’ ಎಂಬ ಉಗಿದೋಣಿ ಮಿಸಿಸಿಪ್ಪಿ ಕಡೆಯಿಂದ ಗ್ರೀನ್ ಬೇವರೆಗೆ ಬಂತು. ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ. ಆ ಕಡೆಯ ವಿಸ್ಕಾನ್ಸಿನ್ ನದಿಯ ಮರಳದಿಣ್ಣೆಗಳು ಜಾಗ ಬದಲಿಸುತ್ತಲೇ ಇದ್ದವು, ಹೂಳು ತೆಗೆದಷ್ಟೂ ಮತ್ತೆ ತುಂಬುತ್ತಿತ್ತು. ಅಷ್ಟರಲ್ಲಿ ರೈಲು ಬಂತು. ಕೆಲಸ ವಹಿಸಿಕೊಂಡಿದ್ದ ಕಂಪನಿ 1866ರಲ್ಲಿ ದಿವಾಳಿಯಾಗಿ, ಆಸ್ತಿ ಗ್ರೀನ್ ಬೇ ಅಂಡ್ ಮಿಸಿಸಿಪ್ಪಿ ಕೆನಾಲ್ ಕಂಪನಿಯ ಕೈ ಸೇರಿತು. 1872ರಲ್ಲಿ ಕೇಂದ್ರ ಸರ್ಕಾರ ಈ ಕಂಪನಿಯಿಂದ ಲಾಕ್‌, ಒಡ್ಡು, ಕಾಲುವೆಗಳನ್ನು 1,45,000 ಡಾಲರ್‌ಗೆ ಕೊಂಡಿತು. ಆದರೆ ಒಂದನ್ನು ಮಾತ್ರ ಕೊಳ್ಳಲಿಲ್ಲ: ದೋಣಿ ಸಂಚಾರಕ್ಕೆ ಬೇಕಾದದ್ದು ಹೋಗಿ ಉಳಿದ ನೀರಿನ ಹಕ್ಕು.

ಒಡ್ಡಿನ ದುರಸ್ತಿ ಸರ್ಕಾರದ ತಲೆಗೆ, ಒಡ್ಡಿನಿಂದ ಇಳಿಯುವ ನೀರಿನ ಬಲ ಖಾಸಗಿಯವರ ಜೇಬಿಗೆ. ದೋಣಿಗಳು ಕಡಿಮೆಯಾದಷ್ಟೂ ‘ಉಳಿದ ನೀರು’ ಹೆಚ್ಚಾಗುತ್ತಿತ್ತು. ಈ ಹಕ್ಕಿನ ಮೇಲೆ ಕೌಕಾನದ ಗಿರಣಿಯೊಂದು ತೆಗೆದ ತಕರಾರು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1890ರ ದಶಕದ ಕೊನೆಯಲ್ಲಿ ಕಾಲುವೆ ಕಂಪನಿಯ ಪರವಾಗಿ ತೀರ್ಮಾನವಾಯಿತು. ಕಣಿವೆಯ ಕೈಗಾರಿಕೆ ಮಾಲೀಕರ ಸಾಹಸದಿಂದಲೇ ಬೆಳೆಯಿತು ಎನ್ನುವವರು, ಒಡ್ಡುಗಳ ಖರ್ಚು ಯಾರ ಲೆಕ್ಕದಲ್ಲಿತ್ತು ಎಂಬುದನ್ನು ಒಮ್ಮೆ ನೋಡಬೇಕು.

## ಗೋಧಿ ಹೋಗಿ ಕಾಗದ ಬಂದದ್ದು

ಆರಂಭದಲ್ಲಿ ಈ ನೀರು ತಿರುಗಿಸಿದ್ದು ಹಿಟ್ಟಿನ ಗಿರಣಿಗಳನ್ನು. 1860ರ ದಶಕದಲ್ಲಿ ವಿಸ್ಕಾನ್ಸಿನ್ ಗೋಧಿಯ ನಾಡು. ನದಿಯ ಮೇಲ್ತುದಿಯ ನೀನಾ, ಮೆನಾಷಾ ಊರುಗಳು ಹಿಟ್ಟಿಗೆ ಹೆಸರುವಾಸಿ. ವರ್ಷ ವರ್ಷವೂ ಗೋಧಿಯನ್ನೇ ಬಿತ್ತಿ ನೆಲ ಸೊರಗಿತು, ಕೀಟದ ಹಾವಳಿ ಬಂತು, ಗೋಧಿ ಬೇಸಾಯ ಪಶ್ಚಿಮದ ಮಿನೆಸೋಟ, ಡಕೋಟ ಕಡೆಗೆ ಸರಿಯಿತು. ಮಿನಿಯಾಪೊಲಿಸ್‌ನ ದೊಡ್ಡ ಗಿರಣಿಗಳ ಎದುರು ಇಲ್ಲಿನ ಬೀಸುಕಲ್ಲುಗಳು ನಿಲ್ಲಲಿಲ್ಲ. ರೈತರು ಹಸು ಕಟ್ಟಿ ಚೀಸ್ ಮಾಡತೊಡಗಿದರು. ಗಿರಣಿ ಮಾಲೀಕರ ಬಳಿ ಕಟ್ಟಡವಿತ್ತು, ಚಕ್ರವಿತ್ತು, ನೀರಿನ ಹಕ್ಕಿತ್ತು. ಬೀಸಲು ಕಾಳು ಮಾತ್ರ ಇರಲಿಲ್ಲ.

1872ರಲ್ಲಿ ನೀನಾದಲ್ಲಿ ಜಾನ್ ಎ. ಕಿಂಬರ್ಲಿ, ಚಾರ್ಲ್ಸ್ ಬಿ. ಕ್ಲಾರ್ಕ್, ಹವೈಲಾ ಬ್ಯಾಬ್‌ಕಾಕ್ ಮತ್ತು ಫ್ರ್ಯಾಂಕ್ಲಿನ್ ಶಾಟಕ್ ಎಂಬ ನಾಲ್ವರು 30,000 ಡಾಲರ್ ಬಂಡವಾಳದಲ್ಲಿ ಕಿಂಬರ್ಲಿ, ಕ್ಲಾರ್ಕ್ ಅಂಡ್ ಕಂಪನಿ ತೆರೆದರು. ಮೊದಲ ಸರಕು ಪತ್ರಿಕೆ ಮುದ್ರಿಸುವ ಕಾಗದ. ಕಚ್ಚಾಮಾಲು ಹತ್ತಿ ಮತ್ತು ನಾರುಬಟ್ಟೆಯ ಚಿಂದಿ. ಚಿಂದಿಯ ತೊಡಕೆಂದರೆ ಅದು ಜನರು ಹರಿದು ಬಿಸಾಡಿದಷ್ಟೇ ಸಿಗುತ್ತದೆ. ಪತ್ರಿಕೆಗಳ ಪ್ರಸಾರ ಏರಿದಂತೆ ಚಿಂದಿ ಸಾಲದೆ ಬಂತು. ಆಗ ಕಣ್ಣು ಬಿದ್ದದ್ದು ಉತ್ತರ ವಿಸ್ಕಾನ್ಸಿನ್‌ನ ಕಾಡಿನ ಮೇಲೆ. 1878ರಲ್ಲಿ ಈ ಕಂಪನಿ ಆಪಲ್ಟನ್‌ನಲ್ಲಿ ಒಂದು ಹಿಟ್ಟಿನ ಗಿರಣಿಯನ್ನು ಮರದ ತಿರುಳು ಅರೆಯುವ ‘ಅಟ್ಲಾಸ್’ ಗಿರಣಿಯಾಗಿ ಮಾರ್ಪಡಿಸಿತು.

## ದಿಮ್ಮಿ ಹಾಳೆಯಾಗುವ ಬಗೆ

ಕಾಗದ ಎಂದರೆ ನೀರಿನಲ್ಲಿ ಚದುರಿದ ಸಸ್ಯದ ನಾರುಗಳನ್ನು ಬಲೆಯ ಮೇಲೆ ಸೋಸಿ, ಒತ್ತಿ, ಒಣಗಿಸಿದ ಹಾಳೆ. ಮರದಿಂದ ಆ ನಾರನ್ನು ಬಿಡಿಸುವುದು ಹೇಗೆ ಎಂಬುದರಲ್ಲೇ ಎಲ್ಲ ಕಷ್ಟವಿದೆ. ಇದಕ್ಕೆ ಎರಡು ದಾರಿ.

ಮೊದಲನೆಯದು ಅರೆಯುವುದು. ಸುಮಾರು ನಾಲ್ಕು ಅಡಿಗೆ ಕತ್ತರಿಸಿದ ದಿಮ್ಮಿಯ ತೊಗಟೆ ಪೂರ್ತಿ ತೆಗೆಯಬೇಕು. ಒಂದಿಷ್ಟು ಉಳಿದರೂ ಹಾಳೆಯಲ್ಲಿ ಕಂದು ಚುಕ್ಕೆ ಬೀಳುತ್ತದೆ. ತಿರುಗುವ ದೊಡ್ಡ ಸಾಣೆಕಲ್ಲಿಗೆ ದಿಮ್ಮಿಯನ್ನು ಅಡ್ಡಲಾಗಿ, ಅಂದರೆ ನಾರಿನ ಗೆರೆ ಕಲ್ಲಿನ ಅಚ್ಚಿಗೆ ಸಮಾನಾಂತರವಾಗಿರುವಂತೆ ಒತ್ತಿ ಹಿಡಿದು ಮೇಲಿಂದ ನೀರು ಬಿಡುತ್ತಾರೆ. ಉಜ್ಜುವಿಕೆಯ ಬಿಸಿಗೆ ನಾರುಗಳನ್ನು ಬಂಧಿಸಿರುವ ಲಿಗ್ನಿನ್ ಎಂಬ ಅಂಟು ಮೆತ್ತಗಾಗಿ ನಾರು ಕಿತ್ತು ಬರುತ್ತದೆ. ನೀರು ಕಡಿಮೆಯಾದರೆ ಮರ ಕರಕಲಾಗುತ್ತದೆ. ಕಲ್ಲಿನ ಹಲ್ಲು ಸವೆದರೆ ಅರೆಯುವುದು ನಿಧಾನವಾಗುತ್ತದೆ, ಅಷ್ಟೇ ತಿರುಳಿಗೆ ಹೆಚ್ಚು ಶಕ್ತಿ ಬೇಕಾಗುತ್ತದೆ. ಹಾಗಾಗಿ ಕಲ್ಲಿಗೆ ಆಗಾಗ ಮತ್ತೆ ಹಲ್ಲು ಕೆತ್ತಬೇಕು. ಮರದ ಆಯ್ಕೆಯೂ ಮುಖ್ಯ. ಸ್ಪ್ರೂಸ್ ಮರದ ನಾರು ಸುಮಾರು 3 ಮಿಲಿಮೀಟರ್ ಉದ್ದ, ಪಾಪ್ಲರ್‌ನದು 1 ಮಿಲಿಮೀಟರ್. ಉದ್ದ ನಾರು ಒಂದಕ್ಕೊಂದು ಹೆಣೆದುಕೊಂಡು ಹಾಳೆಗೆ ಗಟ್ಟಿತನ ಕೊಡುತ್ತದೆ.

ಈ ದಾರಿಯಲ್ಲಿ ಮರದ ತೂಕದ ನೂರರಲ್ಲಿ 90 ಭಾಗಕ್ಕೂ ಹೆಚ್ಚು ತಿರುಳಾಗುತ್ತದೆ. ಅದಕ್ಕೆ ತೆರಬೇಕಾದ ಬೆಲೆ ಶಕ್ತಿ: ಒಂದು ಟನ್ ತಿರುಳಿಗೆ ಸುಮಾರು 1,300ರಿಂದ 1,600 ಯೂನಿಟ್. ಮೇಲೆ ಹೇಳಿದ 2,800 ಕಿಲೋವ್ಯಾಟ್ ಇಡೀ ದಿನ ನಡೆದರೆ 67,000 ಯೂನಿಟ್, ಅಂದರೆ ಬರೀ ಅರೆಯಲು ಬಳಸಿದರೂ ದಿನಕ್ಕೆ 45 ಟನ್ ಆಸುಪಾಸು. ಗಿರಣಿ ಒಡ್ಡಿನ ಪಕ್ಕದಲ್ಲೇ ಇರಬೇಕಾದ ಕಾರಣ ಇದು. ಆಗ ಬಲವನ್ನು ಸಾಗಿಸುವ ಸಾಧನವೆಂದರೆ ಅಚ್ಚು, ಹಲ್ಲುಚಕ್ರ, ಚರ್ಮದ ಪಟ್ಟಿ. ಅವು ಕೆಲವು ನೂರು ಅಡಿಗಿಂತ ದೂರ ಹೋಗುವುದಿಲ್ಲ. ಮರವನ್ನು ರೈಲಿನಲ್ಲಿ ನೂರಾರು ಕಿಲೋಮೀಟರ್ ತರಬಹುದು, ನದಿಯ ಇಳಿತವನ್ನು ತರಲಾಗದು.

ಎರಡನೆಯದು ಬೇಯಿಸುವುದು. ಮರದ ಚಕ್ಕೆಗಳನ್ನು ಗಂಧಕ ಸುಟ್ಟ ಅನಿಲ ಮತ್ತು ಸುಣ್ಣಕಲ್ಲಿನಿಂದ ಮಾಡಿದ ಆಮ್ಲದ ದ್ರಾವಣದಲ್ಲಿ, ಮುಚ್ಚಿದ ಕಡಾಯಿಯಲ್ಲಿ, 130-140 ಡಿಗ್ರಿ ಬಿಸಿಯಲ್ಲಿ ಎಂಟು-ಹತ್ತು ಗಂಟೆ ಬೇಯಿಸುತ್ತಾರೆ. ಇದು ಸಲ್ಫೈಟ್ ವಿಧಾನ. ಲಿಗ್ನಿನ್ ಕರಗಿ ಹೋಗಿ ಶುದ್ಧ, ಗಟ್ಟಿ ನಾರು ಸಿಗುತ್ತದೆ; ಇಂಥ ಕಾಗದ ಬೇಗ ಹಳದಿಯಾಗುವುದಿಲ್ಲ. ಆದರೆ ಮರದ ಅರ್ಧದಷ್ಟೇ ತಿರುಳಾಗುತ್ತದೆ. ಉಳಿದರ್ಧ ಕಂದು ದ್ರಾವಣವಾಗಿ ಎಲ್ಲಿಗೆ ಹೋಗುತ್ತಿತ್ತು ಎಂಬುದಕ್ಕೆ ಮುಂದೆ ಬರೋಣ. ಪತ್ರಿಕೆಯ ಕಾಗದಕ್ಕೆ ಅರೆದ ತಿರುಳೇ ಹೆಚ್ಚು, ಹಾಳೆ ಯಂತ್ರದ ಮೇಲೆ ಹರಿಯದಿರಲೆಂದು ಬೇಯಿಸಿದ ತಿರುಳು ಸ್ವಲ್ಪ ಬೆರೆಸುವುದು ವಾಡಿಕೆ.

ತಿರುಳು ಯಂತ್ರಕ್ಕೆ ಹೋಗುವಾಗ ನೀರುಮಜ್ಜಿಗೆಗಿಂತ ತೆಳು. ನೂರು ಭಾಗದಲ್ಲಿ ನಾರು ಅರ್ಧದಿಂದ ಒಂದು ಭಾಗ, ಮಿಕ್ಕಿದ್ದೆಲ್ಲ ನೀರು. ಓಡುತ್ತಿರುವ ಸಣ್ಣ ಕಣ್ಣಿನ ತಂತಿಬಲೆಯ ಮೇಲೆ ಅದನ್ನು ಹರಿಸುತ್ತಾರೆ. ಬಲೆಯ ತುದಿ ತಲುಪುವಾಗ ಹಾಳೆಯಲ್ಲಿ ನಾರಿನ ಪಾಲು ಸುಮಾರು 20 ಭಾಗ. ಉಣ್ಣೆಯ ಫೆಲ್ಟ್ ಹೊದಿಸಿದ ಉರುಳೆಗಳು ಹಿಂಡಿದಾಗ 40. ಒಳಗೆ ಉಗಿ ಹರಿಯುವ ಕಬ್ಬಿಣದ ಉರುಳೆಗಳ ಸಾಲನ್ನು ದಾಟಿದಾಗ 94-95. ಕೊನೆಯ ಹಂತಕ್ಕೇ ಇಂಧನದ ಖರ್ಚು ಅತಿ ಹೆಚ್ಚು. ಹಿಂಡಿ ತೆಗೆದ ನೀರು ಅಗ್ಗ, ಒಣಗಿಸಿ ತೆಗೆದ ನೀರು ದುಬಾರಿ. ಅರ್ಧ ಭಾಗದ ಲೆಕ್ಕದಲ್ಲಿ ಒಂದು ಟನ್ ಕಾಗದಕ್ಕೆ 200 ಟನ್ ನೀರು ಬಲೆಯ ಮೇಲೆ ಹಾಯಬೇಕು. ಹಾಗಾಗಿ ನದಿ ಬೇಕಾದದ್ದು ಚಕ್ರ ತಿರುಗಿಸಲು ಮಾತ್ರವಲ್ಲ.

ಚಳಿಗಾಲದಲ್ಲಿ ನದಿಯೇ ಗಿರಣಿ ನಿಲ್ಲಿಸುವುದೂ ಉಂಟು. ರಭಸದ ನೀರು ಮೇಲ್ಪದರ ಕಟ್ಟದೆ ಸೊನ್ನೆ ಡಿಗ್ರಿಗಿಂತ ಕೂದಲೆಳೆಯಷ್ಟು ಕೆಳಗಿಳಿದಾಗ ಅದರೊಳಗೆಲ್ಲ ಸೂಜಿಯಂಥ ಹಿಮದ ಹರಳು ಹುಟ್ಟುತ್ತದೆ. ಟರ್ಬೈನಿಗೆ ಕಸ ಹೋಗದಂತೆ ಹಾಕಿದ ಕಬ್ಬಿಣದ ಸರಳುಗಳಿಗೆ ಈ ಹರಳು ಮೆತ್ತಿಕೊಂಡು ಕೆಲವೇ ಗಂಟೆಗಳಲ್ಲಿ ಬಾಯಿ ಮುಚ್ಚಿಬಿಡುತ್ತದೆ. ಟರ್ಬೈನಿನ ಮುಂದೆ ನೀರು ಪ್ರಶಾಂತವಾಗಿ ನಿಲ್ಲುವಷ್ಟು ಆಳದ ಕೊಳ ಕಟ್ಟುವುದು ಪರಿಹಾರ. ಅಲ್ಲಿ ಮೇಲೊಂದು ಗಟ್ಟಿ ಮಂಜುಪದರ ಕಟ್ಟಿದರೆ ಕೆಳಗಿನ ನೀರು ಚಳಿಗಾಳಿಯಿಂದ ಪಾರಾಗುತ್ತದೆ.

## ಗಿರಣಿಯ ಸುತ್ತ ಊರು

1889ರಲ್ಲಿ ಕಿಂಬರ್ಲಿ-ಕ್ಲಾರ್ಕ್‌ನವರು ಸೀಡರ್ಸ್ ಬಳಿಯ ದಕ್ಷಿಣ ದಂಡೆಯಲ್ಲಿ ಹೊಸ ಗಿರಣಿ ನಿಲ್ಲಿಸಿದರು. ಕಂಪನಿಯ ಪಾಲುದಾರನ ಹೆಸರೇ ಜಾಗಕ್ಕೂ ಬಂತು. ಎದುರು ದಂಡೆಯಲ್ಲಿ ನಲವತ್ತು ವರ್ಷದಿಂದ ನೆಲೆಸಿದ್ದ ಡಚ್ ಕುಟುಂಬಗಳ ಮಕ್ಕಳು ದೊಡ್ಡವರಾಗಿದ್ದರು. ಹಂಚಿ ಹಂಚಿ ಹೊಲಗಳು ಸಣ್ಣದಾಗಿದ್ದವು. ಕೆಲಸಗಾರರನ್ನು ದೂರದಿಂದ ಕರೆಸುವ ಪ್ರಮೇಯ ಅಷ್ಟಾಗಿ ಬರಲಿಲ್ಲ.

ಕಾಗದದ ಯಂತ್ರವನ್ನು ಸಂಜೆ ನಿಲ್ಲಿಸಿ ಬೆಳಿಗ್ಗೆ ಶುರುಮಾಡುವಂತಿಲ್ಲ. ನಿಲ್ಲಿಸಿದರೆ ತಿರುಳು ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ, ಉರುಳೆಗಳು ತಣ್ಣಗಾಗುತ್ತವೆ, ಮತ್ತೆ ಹಾಳೆ ಹಿಡಿಯುವಷ್ಟರಲ್ಲಿ ಟನ್‌ಗಟ್ಟಲೆ ಮಾಲು ಹಾಳು. ಆದ್ದರಿಂದ ಆಗಿನ ಪದ್ಧತಿ ಹಗಲು ರಾತ್ರಿ ಎರಡೇ ಪಾಳಿ, ತಲಾ ಹನ್ನೆರಡು ಗಂಟೆಯ ಆಸುಪಾಸು. 1900ರ ನಂತರದ ಮೊದಲ ಕೆಲವು ವರ್ಷ ಈ ಕಣಿವೆಯ ಕಾರ್ಮಿಕ ಸಂಘ ಹೋರಾಡಿದ್ದು ಹೆಚ್ಚು ಕೂಲಿಗಿಂತ ಶನಿವಾರ ರಾತ್ರಿಯ ಬಿಡುವಿಗಾಗಿ. ಮೂರು ಪಾಳಿಯ ಎಂಟು ಗಂಟೆ ಬಂದದ್ದು ಆಮೇಲೆ. ಪಾಳಿಯ ಊರಿನಲ್ಲಿ ಮನೆ ಗಿರಣಿಯಿಂದ ನಡೆದುಹೋಗುವಷ್ಟು ಹತ್ತಿರ ಇರಬೇಕಾಗುತ್ತದೆ. ಬೀದಿಗಳು ಗಿರಣಿಯ ಬಾಗಿಲಿನ ಸುತ್ತ ದಟ್ಟವಾಗಿ ಬೆಳೆದದ್ದಕ್ಕೆ ಕಾರಣ ಇಷ್ಟೇ.

1910ರಲ್ಲಿ ಕಿಂಬರ್ಲಿ ಅಧಿಕೃತವಾಗಿ ಗ್ರಾಮವಾಯಿತು. ನಮ್ಮಲ್ಲಿ ಗ್ರಾಮ ಎಂದರೆ ಕೃಷಿಯ ಹಳ್ಳಿ ಎಂಬ ಭಾವನೆ. ವಿಸ್ಕಾನ್ಸಿನ್‌ನಲ್ಲಿ ‘ವಿಲೇಜ್’ ಎಂಬುದು ಕಾನೂನಿನ ಒಂದು ದರ್ಜೆ: ತನ್ನದೇ ಗಡಿ, ಚುನಾಯಿತ ಅಧ್ಯಕ್ಷ ಮತ್ತು ಟ್ರಸ್ಟಿಗಳ ಮಂಡಳಿ, ತೆರಿಗೆ ಹಾಕುವ, ಸಾಲ ಎತ್ತುವ ಅಧಿಕಾರ. ಅದಕ್ಕೂ ಮುಂಚೆ ಈ ಜಾಗ ‘ಟೌನ್’ ಎಂಬ ಗ್ರಾಮಾಂತರ ಘಟಕದ ಭಾಗ. ಹೆಸರು ಕೇಳಿ ಟೌನ್ ದೊಡ್ಡದು, ವಿಲೇಜ್ ಸಣ್ಣದು ಎಂದುಕೊಳ್ಳಬಾರದು. ಅಲ್ಲಿ ಟೌನ್ ಎಂದರೇ ಹೊಲಗದ್ದೆಗಳ ಬಯಲು. ಚರಂಡಿ, ನಲ್ಲಿ ನೀರು, ಕಾಲುದಾರಿ, ಅಗ್ನಿಶಾಮಕ ಬೇಕೆನ್ನುವ ದಟ್ಟ ವಸತಿಗೂ, ಅದಕ್ಕೆಲ್ಲ ತೆರಿಗೆ ಕೊಡಲು ಇಷ್ಟವಿಲ್ಲದ ಸುತ್ತಲಿನ ರೈತರಿಗೂ ಒಂದೇ ಮಂಡಳಿ ಸರಿಹೋಗದು. ಬೇರೆಯಾದರೆ ಗಿರಣಿಯ ಆಸ್ತಿಯ ಮೇಲಿನ ತೆರಿಗೆ ಊರಿನಲ್ಲೇ ಉಳಿಯುತ್ತದೆ. ಎದುರಿನ ಲಿಟಲ್ ಶೂಟ್ 1899ರಲ್ಲೂ, ಪಕ್ಕದ ಕಂಬೈನ್ಡ್ ಲಾಕ್ಸ್ 1920ರಲ್ಲೂ ಗ್ರಾಮಗಳಾದವು. ಹೀಗಾಗಿ ಕೆಲವೇ ಕಿಲೋಮೀಟರ್‌ಗಳೊಳಗೆ ಮೂರು ಬೇರೆ ಬೇರೆ ಆಡಳಿತಗಳು ಸಾಲಾಗಿ ನಿಂತಿವೆ.

## ತಂತಿಯಲ್ಲಿ ಹರಿದ ನದಿ

1882ರ ಸೆಪ್ಟೆಂಬರ್ 30ರಂದು ಆಪಲ್ಟನ್‌ನಲ್ಲಿ ಕಾಗದ ಕಂಪನಿಯ ಎಚ್. ಜೆ. ರಾಜರ್ಸ್ ಎಂಬುವರು ನದಿಯ ನೀರಿನಿಂದ ಎಡಿಸನ್ ಡೈನಮೊ ತಿರುಗಿಸಿ ದೀಪ ಹೊತ್ತಿಸಿದರು. ಎಡಿಸನ್ ವ್ಯವಸ್ಥೆಯ ಮೊದಲ ಜಲವಿದ್ಯುತ್ ಕೇಂದ್ರ ಎಂದು ಇದನ್ನು ಗುರುತಿಸುತ್ತಾರೆ. ಸಾಮರ್ಥ್ಯ 12.5 ಕಿಲೋವ್ಯಾಟ್, ಈಗಿನ ಮೂರ್ನಾಲ್ಕು ಮನೆಗಳಿಗೆ ಸಾಕಾಗುವಷ್ಟು. ತೊಂದರೆ ಕೂಡಲೇ ಶುರುವಾಯಿತು. ಡೈನಮೊ ಕೂರಿಸಿದ್ದು ತಿರುಳು ಬಡಿಯುವ ಯಂತ್ರದ ಚಕ್ರಕ್ಕೇ. ಆ ಯಂತ್ರದ ಹೊರೆ ಇಳಿದಾಗ ಚಕ್ರದ ವೇಗ ಏರಿ, ದೀಪಗಳು ಉರಿದುಹೋಗುತ್ತಿದ್ದವು. ವೋಲ್ಟ್ ಅಳೆಯುವ ಮೀಟರ್ ಇರಲಿಲ್ಲ. ದೀಪದ ಬೆಳಕನ್ನು ಕಣ್ಣಿಂದ ನೋಡಿಯೇ ನಿರ್ವಾಹಕ ವೇಗ ಹೊಂದಿಸಬೇಕಿತ್ತು. ಕೊನೆಗೆ ಡೈನಮೊಗೆ ಬೇರೆಯೇ ಚಕ್ರ ಕೊಟ್ಟರು.

ದೂರದೃಷ್ಟಿಯಿಂದ ನೋಡಿದರೆ ಕಿಂಬರ್ಲಿಯಂಥ ಊರುಗಳ ಬುಡ ಅಲುಗಲು ಶುರುವಾದದ್ದೂ ಇಲ್ಲಿಂದಲೇ. ವಿದ್ಯುತ್ ತಂತಿಯಲ್ಲಿ ಸಾಗುವುದಾದರೆ ಗಿರಣಿ ಒಡ್ಡಿಗೆ ಅಂಟಿಕೊಂಡಿರಬೇಕಿಲ್ಲ. ಮುಂದೆ ಕಲ್ಲಿದ್ದಲ ಬಾಯ್ಲರ್‌ಗಳೂ ಬಂದು ಮೂರು ಮೀಟರ್ ಇಳಿತ ಗಿರಣಿಯ ಬೇಡಿಕೆಯಲ್ಲಿ ಸಣ್ಣ ಪಾಲಾಯಿತು. ಆದರೂ ಗಿರಣಿ ನೂರಕ್ಕೂ ಹೆಚ್ಚು ವರ್ಷ ಅಲ್ಲೇ ಇತ್ತು. ಅದನ್ನು ಹಿಡಿದಿಟ್ಟದ್ದು ಆ ಹೊತ್ತಿಗೆ ಕೈ ಪಳಗಿದ್ದ ಕೆಲಸಗಾರರು, ಕಿತ್ತು ಸಾಗಿಸಲಾಗದಷ್ಟು ಭಾರದ ಯಂತ್ರಗಳು ಮತ್ತು ತೊಳೆಯುವ ನೀರು.

ಕಂಪನಿಯ ದಿಕ್ಕು ಮಾತ್ರ ಬದಲಾಯಿತು. 1914ರಲ್ಲಿ ಅದರ ರಸಾಯನಶಾಸ್ತ್ರಜ್ಞ ಅರ್ನ್ಸ್ಟ್ ಮಾಲರ್ ಯುರೋಪಿನಲ್ಲಿ ನೋಡಿಬಂದ ಸುಕ್ಕುಗಟ್ಟಿಸಿದ ತಿರುಳಿನ ಹಾಸನ್ನು ‘ಸೆಲ್ಯುಕಾಟನ್’ ಎಂದು ತಯಾರಿಸಿದರು. ಮೊದಲ ಮಹಾಯುದ್ಧದಲ್ಲಿ ಹತ್ತಿಯ ಅಭಾವವಿದ್ದಾಗ ಅದು ಗಾಯ ಕಟ್ಟಲು ಬಳಕೆಯಾಯಿತು. ದಾದಿಯರು ಮುಟ್ಟಿನ ದಿನಗಳಿಗೂ ಅದನ್ನೇ ಬಳಸಿದ್ದರು. ಯುದ್ಧ ಮುಗಿದ ಮೇಲೆ 1920ರಲ್ಲಿ ಕೋಟೆಕ್ಸ್ ಬಂತು. 1924ರಲ್ಲಿ ಮುಖದ ಕ್ರೀಮ್ ಒರೆಸಲೆಂದು ಕ್ಲೀನೆಕ್ಸ್, 1978ರಲ್ಲಿ ಹಗ್ಗೀಸ್. 1985ರಲ್ಲಿ ಮುಖ್ಯ ಕಚೇರಿ ಟೆಕ್ಸಾಸ್‌ಗೆ ಹೋಯಿತು. ಕಿಂಬರ್ಲಿಯ ಗಿರಣಿಯೂ ಬೇರೆ ಕಂಪನಿಗಳ ಕೈ ಸೇರಿ, ಪತ್ರಿಕೆ-ಕ್ಯಾಟಲಾಗ್‌ಗಳಿಗೆ ಬೇಕಾದ ಹೊಳಪು ಲೇಪನದ ಕಾಗದ ಮಾಡತೊಡಗಿತು.

## ನದಿ ಹೊತ್ತ ಹೊರೆ

ಸಲ್ಫೈಟ್ ವಿಧಾನದಲ್ಲಿ ಉಳಿದ ಕಂದು ದ್ರಾವಣವನ್ನು ಕಣಿವೆಯ ಗಿರಣಿಗಳು ದಶಕಗಳ ಕಾಲ ನದಿಗೇ ಬಿಟ್ಟವು. ಅದರಲ್ಲಿ ಮರದ ಸಕ್ಕರೆಗಳಿರುತ್ತವೆ. ಬ್ಯಾಕ್ಟೀರಿಯಾ ಅವನ್ನು ತಿನ್ನುತ್ತಾ ನೀರಿನ ಆಮ್ಲಜನಕವನ್ನು ಮುಗಿಸುತ್ತವೆ, ಮೀನು ಉಸಿರುಕಟ್ಟಿ ಸಾಯುತ್ತದೆ. ಈ ಬಗೆಯ ಮಾಲಿನ್ಯ ಬಿಡುವುದನ್ನು ನಿಲ್ಲಿಸಿದರೆ ನದಿ ಕೆಲವೇ ವರ್ಷಗಳಲ್ಲಿ ಚೇತರಿಸಿಕೊಳ್ಳುತ್ತದೆ.

ಪಿಸಿಬಿ (ಪಾಲಿಕ್ಲೋರಿನೇಟೆಡ್ ಬೈಫಿನೈಲ್) ಎಂಬ ವಿಷಕಾರಿ ರಾಸಾಯನಿಕ ಹಾಗಲ್ಲ. 1954ರಿಂದ 1971ರವರೆಗೆ ಈ ಕಣಿವೆಯಲ್ಲಿ ಕಾರ್ಬನ್ ಇಲ್ಲದೆ ಪ್ರತಿ ಬೀಳುವ ಕಾಗದ ತಯಾರಾಗುತ್ತಿತ್ತು. ಹಾಳೆಯ ಹಿಂಬದಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳ ಲೇಪನ, ಅವುಗಳೊಳಗೆ ಪಿಸಿಬಿ ಎಣ್ಣೆಯಲ್ಲಿ ಕರಗಿಸಿದ ಬಣ್ಣ. ಪೆನ್ನು ಒತ್ತಿದಾಗ ಗುಳ್ಳೆ ಒಡೆದು ಕೆಳಗಿನ ಹಾಳೆಯಲ್ಲಿ ಅಕ್ಷರ ಮೂಡುತ್ತದೆ. ತಯಾರಿಕೆಯಲ್ಲಿ ಸೋರಿದ್ದು ಒಂದು ಪಾಲು. ಇದರ ಕತ್ತರಿಕೆ ಚೂರುಗಳನ್ನು ಕೊಂಡು ಮತ್ತೆ ತಿರುಳು ಮಾಡಿದ ಇತರ ಗಿರಣಿಗಳಿಂದಲೂ ಪಿಸಿಬಿ ನದಿಗೆ ಹೋಯಿತು. ಅದು ನೀರಿನಲ್ಲಿ ಕರಗದು, ಕೊಳೆಯದು; ಹೂಳಿಗೆ ಅಂಟಿ ಕೂತು, ಹುಳುವಿನಿಂದ ಮೀನಿಗೆ, ಮೀನಿನಿಂದ ತಿನ್ನುವವರಿಗೆ ದಾಟುತ್ತಾ ದಟ್ಟವಾಗುತ್ತದೆ. ಒಡ್ಡುಗಳ ಹಿಂದಿನ ನಿಂತ ನೀರಿನಲ್ಲಿ ಹೂಳು ಹೆಚ್ಚು, ಪಿಸಿಬಿಯೂ ಹೆಚ್ಚು. ಹೂಳೆತ್ತಿ, ಎತ್ತಲಾಗದ ಕಡೆ ಜಲ್ಲಿ-ಮರಳಿನಿಂದ ಮುಚ್ಚುವ ಕೆಲಸ ಹಲವು ವರ್ಷ ನಡೆದು 2020ರಲ್ಲಿ ಮುಗಿಯಿತು. ಒಟ್ಟು ವೆಚ್ಚ 100 ಕೋಟಿ ಡಾಲರ್ ದಾಟಿತು.

## 2008 ಮತ್ತು ನಂತರ

2000ದಲ್ಲಿ ಯುರೋಪಿನ ಸ್ಟೋರಾ ಎನ್ಸೊ, 2007ರ ಕೊನೆಯಲ್ಲಿ ನ್ಯೂಪೇಜ್ ಗಿರಣಿಯ ಒಡೆಯರಾದರು. ಪತ್ರಿಕೆಗಳು ಪರದೆಗೆ ಸರಿಯುತ್ತಿದ್ದವು, ಹೊಳಪು ಕಾಗದದ ಬೇಡಿಕೆ ಕುಸಿಯುತ್ತಿತ್ತು. ಒಂದೇ ಕಂಪನಿಯ ಕೈಗೆ ಹಲವು ಗಿರಣಿ ಬಂದಾಗ ಕೆಲವನ್ನು ಮುಚ್ಚಿ ಮಿಕ್ಕವನ್ನು ಪೂರ್ತಿ ನಡೆಸುವುದು ಲಾಭದ ಲೆಕ್ಕ. 2008ರ ಸೆಪ್ಟೆಂಬರ್‌ನಲ್ಲಿ ಕಿಂಬರ್ಲಿಯ ಯಂತ್ರಗಳು ನಿಂತವು. ಆ ವರ್ಷ ಹಂತ ಹಂತವಾಗಿ ಕೆಲಸ ಕಳೆದುಕೊಂಡವರು ಸುಮಾರು 600. ನ್ಯೂಪೇಜ್ ಕೂಡ 2011ರಲ್ಲಿ ದಿವಾಳಿ ಅರ್ಜಿ ಹಾಕಿತು.

ಗ್ರಾಮದ ಮುಂದಿದ್ದ ಪ್ರಶ್ನೆ ತೆರಿಗೆಯದು. ದೊಡ್ಡ ತೆರಿಗೆದಾರ ಹೋದರೆ ಉಳಿದ ಮನೆಗಳ ಮೇಲೆ ಹೊರೆ ಬೀಳುತ್ತದೆ, ಇಲ್ಲವೇ ಸೇವೆ ಕಡಿತವಾಗುತ್ತದೆ. ಇಂಥ ಜಾಗಗಳಿಗೆ ವಿಸ್ಕಾನ್ಸಿನ್‌ನಲ್ಲಿ 1975ರಿಂದ ಒಂದು ಕಾನೂನಿದೆ. ಪಾಳುಬಿದ್ದ ಪ್ರದೇಶದ ಸುತ್ತ ಗೆರೆ ಎಳೆದು ಅಂದಿನ ಆಸ್ತಿ ಮೌಲ್ಯವನ್ನು ಮೂಲ ಎಂದು ಗುರುತಿಸುತ್ತಾರೆ. ಗ್ರಾಮ ಸಾಲ ತೆಗೆದು ರಸ್ತೆ, ಕೊಳವೆ ಹಾಕುತ್ತದೆ. ಹೊಸ ಕಟ್ಟಡ ಬಂದು ಮೌಲ್ಯ ಏರಿದಾಗ, ಮೂಲದ ಮೇಲಿನ ತೆರಿಗೆ ಶಾಲೆ, ಕೌಂಟಿ (ಜಿಲ್ಲೆಯಂಥ ಘಟಕ) ಆಡಳಿತಗಳಿಗೆ ಎಂದಿನಂತೆ ಹೋಗುತ್ತದೆ. ಏರಿದ ಭಾಗದ ತೆರಿಗೆ ಸಾಲ ತೀರುವವರೆಗೆ ಆ ಪ್ರದೇಶಕ್ಕೇ ಮೀಸಲು. ಕಟ್ಟಡಗಳು ಬರದಿದ್ದರೆ ಸಾಲ ಗ್ರಾಮದ ತಲೆಗೆ ಬರುತ್ತದೆ, ಇದರ ಅಪಾಯ ಅದೇ. ಕಿಂಬರ್ಲಿ ಈ ದಾರಿ ಹಿಡಿಯಿತು. ಗಿರಣಿಯನ್ನು ಕೆಡವಿದ ಜಾಗದಲ್ಲಿ ಎದ್ದ ನದಿದಂಡೆಯ ಬಡಾವಣೆಯ ಹೆಸರು ‘ದ ಸೀಡರ್ಸ್ ಅಟ್ ಕಿಂಬರ್ಲಿ’.

ಲಾಕ್‌ಗಳನ್ನು 1980ರ ದಶಕದಲ್ಲಿ ಕೇಂದ್ರ ಸರ್ಕಾರ ಕೈಬಿಟ್ಟಿತ್ತು. 2004ರಲ್ಲಿ ರಾಜ್ಯ ವಹಿಸಿಕೊಂಡು ಒಂದೊಂದಾಗಿ ದುರಸ್ತಿ ಮಾಡಿಸಿತು. ಸೀಡರ್ಸ್ ಲಾಕಿನಲ್ಲಿ ಈಗ ಮೋಜಿನ ದೋಣಿಗಳು ಏರಿಳಿಯುತ್ತವೆ, ಬಾಗಿಲುಗಳನ್ನು ಇಂದಿಗೂ ಕೈಯಿಂದಲೇ ತಿರುಗಿಸುತ್ತಾರೆ. ಆದರೆ ನೀನಾದಿಂದ ಗ್ರೀನ್ ಬೇವರೆಗೆ ದೋಣಿಯಲ್ಲೇ ಹೋಗುತ್ತೇನೆಂದರೆ ಸಾಧ್ಯವಿಲ್ಲ: ಮಹಾಸರೋವರಗಳ ಮೀನುಗಳ ರಕ್ತ ಹೀರುವ ಲ್ಯಾಂಪ್ರೆ ವಿನೆಬಾಗೊಗೆ ಏರಿ ಬರಬಾರದೆಂದು ಕೌಕಾನದ ಕೆಳಗಿನ ರಾಪಿಡ್ ಕ್ರೋಶ್ ಲಾಕನ್ನು 1988ರಿಂದ ಮುಚ್ಚಿಟ್ಟಿದ್ದಾರೆ.